ಹಿರಿಯ ಪೋಷಕ ನಟರ ಕಲಾಬದುಕು ದಾಖಲಿಸುವುದು ಹೇಗೆ? ಕಾಸರಗೋಡಿನವರಿಗೊಂದು ಕೈಪಿಡಿ

ನಾಯಕ ನಟನ ಬದುಕು ಪೋಸ್ಟರಿನಲ್ಲೇ ಸಿಗುತ್ತದೆ. ಪೋಷಕ ನಟನದ್ದು ಹಾಗಲ್ಲ. ಅಪ್ಪ, ಪಟೇಲ, ಶಾನುಭೋಗ, ಮೇಷ್ಟ್ರು, ಊರಿನ ಪುರೋಹಿತ ಎಂದು ನಲವತ್ತು ವರ್ಷ ಬಣ್ಣ ಹಚ್ಚಿದವರ ಹೆಸರು ನೋಟೀಸಿನ ಕೊನೆಯ ಸಾಲಿನಲ್ಲೋ ಟೈಟಲ್ ಕಾರ್ಡಿನ ‘ಮುಂತಾದವರು’ ಎಂಬಲ್ಲೋ ಕರಗಿರುತ್ತದೆ. ಕಾಸರಗೋಡಿನಲ್ಲಿ ಇನ್ನೊಂದು ತೊಡಕೂ ಉಂಟು. ಒಬ್ಬರೇ ನಟ ಕನ್ನಡದ ಹವ್ಯಾಸಿ ನಾಟಕ, ತುಳು ನಾಟಕ, ಯಕ್ಷಗಾನ, ಆಕಾಶವಾಣಿ, ಮಲಯಾಳ ಸಿನಿಮಾ, ಬೆಂಗಳೂರಿನ ಧಾರಾವಾಹಿ ಎಲ್ಲದರಲ್ಲೂ ಕಾಣಿಸಿಕೊಂಡಿರುತ್ತಾರೆ. ಅವರ ದಾಖಲೆ ಎರಡು ರಾಜ್ಯಗಳಲ್ಲಿ, ಮೂರು ನಾಲ್ಕು ಭಾಷೆಗಳಲ್ಲಿ ಚದುರಿಹೋಗಿರುತ್ತದೆ.

ಸಾಮಾನ್ಯವಾಗಿ ಆಗುವುದು ಇಷ್ಟು: ಎಪ್ಪತ್ತೈದರ ಅಭಿನಂದನೆಗೆ ಎರಡು ವಾರ ಇರುವಾಗ ಯಾರೋ ಒಬ್ಬರು ಕೂತು ‘ನೂರಾರು ನಾಟಕ, ಹತ್ತಾರು ಸಿನಿಮಾ’ ಎಂದು ಬರೆದು ಮುಗಿಸುತ್ತಾರೆ. ಆ ಸಾಲು ಪ್ರಶಸ್ತಿಯ ಅರ್ಜಿಗೂ ಬರುವುದಿಲ್ಲ, ಸಂಶೋಧಕರಿಗೂ ಬರುವುದಿಲ್ಲ. ಮೊದಲು ನಟರನ್ನು ಕೂರಿಸಿ ಮಾತಾಡಿಸಿ, ಆಮೇಲೆ ಕಾಗದ ಹುಡುಕುವ ರೂಢಿಯೇ ಇದಕ್ಕೆ ಕಾರಣ. ಕ್ರಮವನ್ನು ತಿರುಗಿಸಿ. ಮೊದಲು ಕಾಗದ, ಆಮೇಲೆ ನೆನಪು. ಕೈಯಲ್ಲಿ ನೋಟೀಸು ಹಿಡಿದು ಕೇಳಿದ ಪ್ರಶ್ನೆಗೆ ಸಿಗುವ ಉತ್ತರವೇ ಬೇರೆ.

ವಾರಕ್ಕೊಂದು ದಿನ ಕೊಟ್ಟರೆ ನಾಲ್ಕೈದು ತಿಂಗಳು ಬೇಕು. ದೀಪಾವಳಿ ಕಳೆದ ಮೇಲೆ ಶುರುಮಾಡಿ, ಮಳೆ ಹಿಡಿಯುವ ಮೊದಲು ಫೋಟೋ ಮತ್ತು ಕ್ಯಾಸೆಟ್ಟಿನ ಕೆಲಸ ಮುಗಿಸಿಬಿಡಿ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್ ಮಳೆಗಾಲದ, ಥಂಡಿಯಲ್ಲಿ ಹಳೆಯ ಆಲ್ಬಮ್ ಬಿಡಿಸಿದರೆ ಚಿತ್ರದ ಪದರವೇ ಕಿತ್ತು ಬರುತ್ತದೆ.

ಪೆಟ್ಟಿಗೆ ತೆರೆದಾಗ

ಹುಡುಕಬೇಕಾದದ್ದು ಬರೀ ಸನ್ಮಾನ ಪತ್ರಗಳನ್ನಲ್ಲ. ಜಾತ್ರೆಯ ನೋಟೀಸು, ಶಾಲಾ ವಾರ್ಷಿಕೋತ್ಸವದ ಆಮಂತ್ರಣ, ಸ್ಮರಣ ಸಂಚಿಕೆ, ಥಿಯೇಟರಿನಲ್ಲಿ ಮಾರುತ್ತಿದ್ದ ಸಿನಿಮಾ ಹಾಡಿನ ಪುಸ್ತಕ, ಕೈಬರಹದ ನಾಟಕ ಪ್ರತಿ, ಡೈರಿ, ಮನಿಯಾರ್ಡರ್ ಕೂಪನ್, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಬೇಕು. ಪಾಸ್‌ಬುಕ್ಕನ್ನು ಎಲ್ಲರೂ ಮರೆಯುತ್ತಾರೆ. ನಿರ್ಮಾಣ ಸಂಸ್ಥೆಯ ಚೆಕ್ ಯಾವ ತಾರೀಕಿಗೆ ಜಮೆಯಾಯಿತು ಎಂಬ ಒಂದು ಸಾಲು, ಆ ಸಿನಿಮಾದ ಕೆಲಸ ಯಾವಾಗ ನಡೆಯಿತು ಎಂಬುದಕ್ಕೆ ಯಾವ ಸಂದರ್ಶನಕ್ಕಿಂತಲೂ ಗಟ್ಟಿ ಸಾಕ್ಷಿ. ಹಾಡಿನ ಪುಸ್ತಕದಲ್ಲಿ ಕಥಾಸಾರದ ಜೊತೆ ತಾರಾಗಣವೂ ಇರುತ್ತದೆ. ಪರದೆಯ ಮೇಲೆ ಓಡಿಹೋದ ಹೆಸರು ಅಲ್ಲಿ ನಿಂತಿರುತ್ತದೆ.

ಪೆಟ್ಟಿಗೆಯನ್ನು ತೆರೆದ ಕೂಡಲೇ ವಿಂಗಡಿಸಲು ಹೋಗಬೇಡಿ. ಮೊದಲು ಇದ್ದ ಹಾಗೆಯೇ ಪದರ ಪದರವಾಗಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದೇ ಕಟ್ಟಿನಲ್ಲಿರುವ ಕಾಗದಗಳು ಹೆಚ್ಚಾಗಿ ಒಂದೇ ಕಾಲದವು. ವರ್ಷ ಗೊತ್ತಿರುವ ಒಂದು ಆಮಂತ್ರಣ, ವರ್ಷವಿಲ್ಲದ ಹತ್ತು ನೋಟೀಸುಗಳಿಗೆ ದಾರಿ ತೋರಿಸುತ್ತದೆ. ‘ಚೆಂದ ಮಾಡುತ್ತೇನೆ’ ಎಂದು ನಾಟಕದ್ದೆಲ್ಲ ಒಂದು ಕಡೆ, ಸಿನಿಮಾದ್ದೆಲ್ಲ ಇನ್ನೊಂದು ಕಡೆ ಹಾಕಿದರೆ ಆ ದಾರಿ ಮುಚ್ಚಿಹೋಗುತ್ತದೆ.

ಪ್ರತಿ ವಸ್ತುವಿಗೂ ಒಂದು ಕ್ರಮಸಂಖ್ಯೆ ಕೊಡಿ. ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಎದುರು ಬದಿಗೆ ಮೂಡುತ್ತದೆ, ಶಾಯಿ ಹರಡುತ್ತದೆ. ಮೂಲ ಕಾಗದವನ್ನು ಮನೆಯಿಂದ ಹೊರಗೆ ಒಯ್ಯದಿದ್ದರೆ ಒಳ್ಳೆಯದು. ಒಯ್ಯಲೇಬೇಕಾದರೆ ಸಂಖ್ಯೆ, ವಿವರ, ಹಿಂದಿರುಗಿಸುವ ದಿನ ಬರೆದ ಚೀಟಿಯನ್ನು ಮನೆಯವರ ಕೈಗೆ ಕೊಟ್ಟು ಸಹಿ ಹಾಕಿ. ಸ್ಮರಣ ಸಂಚಿಕೆಗೆಂದು ಕೊಟ್ಟ ಫೋಟೋ ವಾಪಸು ಬಾರದ ಕಹಿ ಹೆಚ್ಚುಕಡಿಮೆ ಎಲ್ಲ ಕಲಾವಿದರ ಮನೆಯಲ್ಲೂ ಇದೆ. ಮೊದಲ ದಿನ ನಿಮ್ಮನ್ನು ಅನುಮಾನದಿಂದ ನೋಡಿದರೆ ಬೇಸರ ಪಡಬೇಡಿ.

ವರ್ಷವಿಲ್ಲದ ನೋಟೀಸಿಗೆ ವರ್ಷ ಕಂಡುಹಿಡಿಯುವುದು

ಈ ಕೆಲಸದ ಅರ್ಧ ಇಲ್ಲೇ ಇದೆ. ಊರಿನ ನೋಟೀಸಿನಲ್ಲಿ ತಾರೀಕು, ವಾರ, ಗಂಟೆ ಎಲ್ಲ ಇರುತ್ತದೆ, ವರ್ಷ ಮಾತ್ರ ಇರುವುದಿಲ್ಲ. ಅಚ್ಚು ಹಾಕಿಸಿದವರಿಗೆ ಅದು ಬೇಕಿರಲಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ನೋಟೀಸಿನಲ್ಲಿ ‘ತಾ. 14-2 ಶನಿವಾರ ರಾತ್ರಿ 9.30ಕ್ಕೆ’ ಎಂದಿದೆ. ಒಂದೇ ತಾರೀಕಿಗೆ ಒಂದೇ ವಾರ ಬರುವುದು 5, 6 ಅಥವಾ 11 ವರ್ಷಕ್ಕೊಮ್ಮೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಫೆಬ್ರವರಿ 14 ಶನಿವಾರ ಬಂದದ್ದು 1970, 1976, 1981, 1987ರಲ್ಲಿ. ಈಗ ವಿಳಾಸ ನೋಡಿ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು. ನೋಟೀಸಿನಲ್ಲಿ ಕಣ್ಣಾನೂರು ಜಿಲ್ಲೆ ಎಂದಿದ್ದರೆ 1987 ಬಿಟ್ಟುಹೋಯಿತು. 671ರಿಂದ ಶುರುವಾಗುವ ಪಿನ್‌ಕೋಡ್ ಇದ್ದರೆ 1970 ಕೂಡ ಇಲ್ಲ, ಏಕೆಂದರೆ ಪಿನ್‌ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ಉಳಿದದ್ದು 1976 ಮತ್ತು 1981. ತಿಥಿಯೋ, ದೇವಸ್ಥಾನದ ಉತ್ಸವದ ದಿನವೋ ನಮೂದಾಗಿದ್ದರೆ ಹಳೆಯ ಪಂಚಾಂಗ ತೆರೆಯಿರಿ. 1976ರಲ್ಲಿ ಆ ದಿನ ಹುಣ್ಣಿಮೆಯ ಮುನ್ನಾದಿನ, 1981ರಲ್ಲಿ ಹುಣ್ಣಿಮೆಗೆ ಇನ್ನೂ ನಾಲ್ಕೈದು ದಿನ ಬಾಕಿ. ಇಷ್ಟಕ್ಕೆ ವರ್ಷ ಒಂದೇ ಉಳಿಯುತ್ತದೆ.

ವಿಳಾಸದ ಸಾಲು ಇಲ್ಲಿ ಇನ್ನೂ ಹೆಚ್ಚು ಹೇಳುತ್ತದೆ. ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸು ರಾಜ್ಯ ಎಂದು ಅಚ್ಚಾಗಿದ್ದರೆ 1956ರ ನವೆಂಬರ್ 1ರ ಹಿಂದಿನದು. ಮಂಗಳೂರಿನ ತಂಡದ ನೋಟೀಸಿನಲ್ಲಿ ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲಿನದು. ಮೊಬೈಲ್ ನಂಬರ್ ಇದ್ದರೆ ಹೆಚ್ಚುಕಡಿಮೆ 2000ದ ಈಚಿನದು. ಒಂದು ಎಚ್ಚರಿಕೆ: ಹಳೆಯ ಬ್ಲಾಕ್, ಹಳೆಯ ಲೆಟರ್‌ಹೆಡ್ ಮುಗಿಯುವವರೆಗೆ ಬಳಸುವುದು ನಮ್ಮವರ ಪದ್ಧತಿ. ಜಿಲ್ಲೆ ಆದ ಮರುದಿನವೇ ಯಾರೂ ಲೆಟರ್‌ಹೆಡ್ ಬದಲಿಸುವುದಿಲ್ಲ. ಅದಕ್ಕಾಗಿ ವಿಳಾಸದ ಸಾಕ್ಷಿಗೆ ಒಂದೆರಡು ವರ್ಷದ ಸಡಿಲು ಕೊಡಿ.

ಮಲಯಾಳ ನೋಟೀಸಿನಲ್ಲಿ ಕೊಲ್ಲಂ ವರ್ಷ (ಮಲಯಾಳ ಪಂಚಾಂಗದ ವರ್ಷ) ಇದ್ದರೆ ಚಿಂಙಂ 1ರಿಂದ, ಅಂದರೆ ಆಗಸ್ಟ್ ನಡುವಿನಿಂದ, ಡಿಸೆಂಬರ್ ಕೊನೆಯವರೆಗೆ 824 ಕೂಡಿಸಿ. ಜನವರಿಯಿಂದ ಮುಂದಿನ ಆಗಸ್ಟ್ ನಡುವಿನವರೆಗೆ 825. ಈ ಒಂದರ ವ್ಯತ್ಯಾಸ ಮರೆತು ಓಣಂ ಹೊತ್ತಿನ ನಾಟಕಗಳನ್ನೆಲ್ಲ ಒಂದು ವರ್ಷ ಮುಂದಕ್ಕೆ ತಳ್ಳುವವರು ಬಹಳ. ಸಂವತ್ಸರದ ಹೆಸರು ಮಾತ್ರ ಇದ್ದರೆ 60 ವರ್ಷದ ಅಂತರ ನೆನಪಿಡಿ: ಕ್ರೋಧಿ ಅಂದರೆ 1964–65, ಇಲ್ಲವಾದರೆ 2024–25.

ಇನ್ನೆರಡು ಗುಂಡಿಗಳಿವೆ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ತನಕ ನಡೆದ ಆಟ ಒಂದು ಕಡೆ 14ನೇ ತಾರೀಕು, ಇನ್ನೊಂದು ಕಡೆ 15 ಎಂದು ದಾಖಲಾಗಿ, ನಿಮ್ಮ ಪಟ್ಟಿಯಲ್ಲಿ ಎರಡು ಪ್ರದರ್ಶನವಾಗಿಬಿಡುತ್ತದೆ. ಎರಡನೆಯದು, ನೋಟೀಸು ಹೇಳುವುದು ಏನು ಆಗಬೇಕಿತ್ತು ಎಂಬುದನ್ನು ಮಾತ್ರ. ಮಳೆ ಬಂದಿರಬಹುದು, ನಟರಿಗೆ ಜ್ವರ ಬಂದು ಬೇರೆಯವರು ಪಾತ್ರ ಮಾಡಿರಬಹುದು. ಫೋಟೋ, ಡೈರಿ ಅಥವಾ ಪತ್ರಿಕೆಯ ವರದಿ ಸಿಗುವವರೆಗೆ ನೋಟೀಸಿನ ಎದುರು ‘ಪ್ರಕಟಿತ’ ಎಂದು ಬರೆಯಿರಿ, ‘ನಡೆದದ್ದು’ ಎಂದು ಬೇಡ.

ಫೋಟೋ

ಪೋಸ್ಟ್‌ಕಾರ್ಡ್ ಗಾತ್ರದವರೆಗಿನ ಫೋಟೋಕ್ಕೆ 600 ಡಿಪಿಐ, ನೆಗೆಟಿವ್‌ಗೆ 2400ಕ್ಕಿಂತ ಕಡಿಮೆ ಬೇಡ. ಉಳಿಸುವ ಪ್ರತಿ ಟಿಫ್‌ನಲ್ಲಿರಲಿ, ವಾಟ್ಸಾಪಿಗೆ ಕಳಿಸಲು ಬೇರೆ ಜೆಪೆಗ್ ಮಾಡಿಕೊಳ್ಳಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮೊಹರು, ಯಾರೋ ಗೀಚಿದ ಹೆಸರು, ಅಂಟಿನ ಗುರುತು ಅಲ್ಲೇ ಇರುವುದು.

ಕರಾವಳಿಯ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಫೋಟೋ ಗಾಜಿಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಎಳೆಯಬೇಡಿ, ಹಬೆ ಹಿಡಿಯಬೇಡಿ. ಗಾಜಿನ ಸಮೇತ ಮೇಜಿನ ಮೇಲೆ ಮಲಗಿಸಿ, ಎರಡು ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು ಬಿಟ್ಟು, ಕ್ಯಾಮೆರಾ ನೇರ ಮೇಲಿಟ್ಟು, ಫ್ಲಾಶ್ ಇಲ್ಲದೆ ತೆಗೆಯಿರಿ. ನಿಮ್ಮ ಅಂಗಿಯ ಪ್ರತಿಬಿಂಬ ಬೀಳದಂತೆ ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಹಿಡಿಯಿರಿ. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋ ಎಬ್ಬಿಸಲು ಆಗದಿದ್ದರೆ ಪುಟದ ಸಮೇತ ಸ್ಕ್ಯಾನ್ ಮಾಡಿದರೆ ಸಾಕು. ಹರಿದ ನೋಟೀಸಿಗೆ ಸೆಲ್ಲೊ ಟೇಪ್ ಹಚ್ಚುವುದು, ಮಾನಪತ್ರಕ್ಕೆ ಲ್ಯಾಮಿನೇಶನ್ ಮಾಡಿಸುವುದು ಎರಡೂ ಪ್ರೀತಿಯಿಂದ ಮಾಡುವ ಹಾನಿ. ಮೊದಲನೆಯದು ಕೆಲವೇ ವರ್ಷದಲ್ಲಿ ಕಂದಾಗಿ ಕಾಗದ ತಿನ್ನುತ್ತದೆ, ಎರಡನೆಯದನ್ನು ಮತ್ತೆ ತೆಗೆಯಲಿಕ್ಕೇ ಬಾರದು.

ಹಳೆಯ ನಾಟಕದ ಫೋಟೋದಲ್ಲಿ ಸೀರೆ ಉಟ್ಟು ನಿಂತವರೆಲ್ಲ ಹೆಂಗಸರಲ್ಲ. ಸ್ತ್ರೀಪಾತ್ರ ಗಂಡಸರೇ ಮಾಡುತ್ತಿದ್ದ ಕಾಲದ ಚಿತ್ರಕ್ಕೆ ‘ಸಹನಟಿ’ ಎಂದು ಅಡಿಬರಹ ಹಾಕುವ ಮೊದಲು ಕೇಳಿ. ಎಷ್ಟೋ ಬಾರಿ ಅದು ನೀವು ದಾಖಲಿಸುತ್ತಿರುವ ನಟರೇ ಆಗಿರುತ್ತಾರೆ.

ಫೈಲಿನ ಹೆಸರು ವರ್ಷದಿಂದ ಶುರುವಾಗಲಿ: ವರ್ಷ, ತಿಂಗಳು, ದಿನ, ನಾಟಕ, ಪಾತ್ರ, ಕ್ರಮಸಂಖ್ಯೆ. ಗೊತ್ತಿಲ್ಲದ ಕಡೆ ಸೊನ್ನೆ ಹಾಕಿ. ಹಾಗೆ ಮಾಡಿದರೆ ಕಂಪ್ಯೂಟರೇ ಕಾಲಕ್ರಮದಲ್ಲಿ ಜೋಡಿಸುತ್ತದೆ.

ಕ್ಯಾಸೆಟ್ಟು

ನಾಟಕದ ಧ್ವನಿ, ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ), ಆಕಾಶವಾಣಿಯಿಂದ ಮನೆಯಲ್ಲಿ ಹಿಡಿದುಕೊಂಡದ್ದು, ಎಲ್ಲ ಸಿ-60, ಸಿ-90 ಕ್ಯಾಸೆಟ್ಟಿನಲ್ಲಿರುತ್ತದೆ. ಪ್ಲೇಯರಿಗೆ ಹಾಕುವ ಮೊದಲು ಕ್ಯಾಸೆಟ್ಟಿನ ಹಿಂಬದಿಯ ಎರಡೂ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಒತ್ತಿದರೂ ಆಗ ಅಳಿಸಿಹೋಗುವುದಿಲ್ಲ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಪ್ಲೇಯರಿಗೆ ಹಾಕಿದರೆ ಹೆಡ್ಡಿಗೂ ಹತ್ತಿ, ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅಂಥದ್ದನ್ನು ಬೇರೆ ಡಬ್ಬಿಯಲ್ಲಿಟ್ಟು ಪರಿಣತರಿಗೆ ಕೊಡಿ. ವಿಎಚ್‌ಎಸ್ ಟೇಪಿಗೂ ಇದೇ ಮಾತು.

ಆರೋಗ್ಯವಾಗಿರುವ ಟೇಪನ್ನು ಮೊದಲು ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಕೂತ ಸುರುಳಿ ಆಗ ಸಡಿಲವಾಗುತ್ತದೆ. ಹೆಡ್ ಮತ್ತು ರಬ್ಬರ್ ರೋಲರನ್ನು ಪ್ರತಿ ಐದಾರು ಕ್ಯಾಸೆಟ್ಟಿಗೊಮ್ಮೆ ಒರೆಸಿ: ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸರಿ, ರಬ್ಬರಿಗೆ ಒದ್ದೆ ಬಟ್ಟೆ ಸಾಕು. ಧ್ವನಿ ಮಂಕಾಗಿ ಕೇಳಿಸಿದರೆ ಟೇಪು ಹಾಳಾಗಿದೆ ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಹೆಡ್ಡಿನ ಕೋನ ತಪ್ಪಿರುತ್ತದೆ. ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸ, ಶ ಅಕ್ಷರಗಳು ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ಪ್ಲೇಯರಿನ ಸ್ಪೀಕರ್ ಎದುರು ಮೊಬೈಲ್ ಹಿಡಿದು ರೆಕಾರ್ಡ್ ಮಾಡುವುದು ಬೇಡ. ಲೈನ್‌ಔಟ್‌ನಿಂದ ಆಡಿಯೋ ಇಂಟರ್‌ಫೇಸಿಗೆ ತಂತಿ ಕೊಟ್ಟು, ಅತಿ ಜೋರಿನ ಮಾತೂ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟು, ವೇವ್ ಫೈಲಾಗಿ ಉಳಿಸಿ. ಪದ್ಯ ಹಾಡುವ ಭಾಗವತರ ಏರುದನಿಗೆ ಹೊಂದಿಸಿದರೆ ಮಾತಾಡುವ ಅರ್ಥಧಾರಿಯ ಮೆಲುದನಿಯೂ ಸಿಗುತ್ತದೆ. ತಿರುಗಾಮುರುಗಾ ಮಾಡಿದರೆ ಪದ್ಯ ಬಂದ ಕೂಡಲೇ ಧ್ವನಿ ಒಡೆಯುತ್ತದೆ.

ಈಗ ಮಾತಾಡಿಸಿ

ಎಂಬತ್ತರ ಆಸುಪಾಸಿನವರಿಗೆ ಬೆಳಿಗ್ಗೆ ಹತ್ತರ ನಂತರ ಮುಕ್ಕಾಲು ಗಂಟೆ ಹಿತ. ಒಂದೇ ದಿನ ನಾಲ್ಕು ಗಂಟೆ ಕೂರಿಸಿದರೆ ಕೊನೆಯ ಎರಡು ಗಂಟೆಯಲ್ಲಿ ಸಿಗುವುದು ಸನ್ಮಾನ ಸಭೆಯ ಭಾಷಣ. ಐದಾರು ಬಾರಿ ಹೋಗಿ. ಫ್ಯಾನ್ ನಿಲ್ಲಿಸಿ, ಮೊಬೈಲ್ ಏರ್‌ಪ್ಲೇನ್ ಮೋಡಿನಲ್ಲಿರಲಿ, ಮೈಕ್ ಬಾಯಿಂದ ಒಂದು ಗೇಣಿನಷ್ಟು ದೂರದಲ್ಲಿರಲಿ. 48 ಕಿಲೋಹರ್ಟ್ಸ್, 24 ಬಿಟ್ ಮೊನೊ ವೇವ್‌ನಲ್ಲಿ ಒಂದು ಗಂಟೆಗೆ ಸುಮಾರು 520 ಎಂಬಿ ಜಾಗ ಹಿಡಿಯುತ್ತದೆ, ಅದನ್ನು ಲೆಕ್ಕ ಹಾಕಿಕೊಂಡು ಹೋಗಿ. ಶೀಟಿನ ಮಾಡಿನ ಮನೆಯಾದರೆ ಮಳೆಗಾಲದಲ್ಲಿ ರೆಕಾರ್ಡಿಂಗ್ ಆಸೆಯೇ ಬೇಡ. ಪ್ರತಿ ಬಾರಿಯೂ ಶುರುವಿಗೆ ತಾರೀಕು, ಸ್ಥಳ, ಯಾರು ಯಾರು ಇದ್ದೀರಿ ಎಂಬುದನ್ನು ಬಾಯಲ್ಲೇ ಹೇಳಿ.

ಭಾಷೆ ಅವರ ಮನೆಯದ್ದೇ ಆಗಲಿ. ಹವ್ಯಕದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಮಲಯಾಳದಲ್ಲೋ ಶುರುಮಾಡಿದರೆ ತಡೆಯಬೇಡಿ. ಪುಸ್ತಕದ ಕನ್ನಡಕ್ಕೆ ಎಳೆದರೆ ಅವರು ನಟರಾಗಿಬಿಡುತ್ತಾರೆ, ನಿಮಗೆ ಸಿಗುವುದು ಪಾತ್ರ.

‘ನಿಮ್ಮ ರಂಗಾನುಭವ ಹೇಳಿ’ ಎಂದು ಕೇಳಬೇಡಿ. ನೋಟೀಸನ್ನು ಕೈಗೆ ಕೊಟ್ಟು, ಕೈಗೆ ಕಾಲಿಗೆ ಸಿಗುವಂಥದ್ದು ಕೇಳಿ. ಈ ಪಾತ್ರಕ್ಕೆ ಮುಂಡು ಎಷ್ಟು ಎತ್ತರಕ್ಕೆ ಉಡುತ್ತಿದ್ದಿರಿ? ನರೆಗೂದಲಿಗೆ ಏನು ಬಳಿಯುತ್ತಿದ್ದಿರಿ, ಗಡ್ಡ ಕ್ರೇಪ್ ಹೇರಿನದೋ ಸ್ವಂತದ್ದೋ? ಬೆಳಕು ಪೆಟ್ರೋಮ್ಯಾಕ್ಸಿನದೋ ಟ್ಯೂಬ್‌ಲೈಟಿನದೋ? ಮೈಕ್ ಎಷ್ಟು, ಎಲ್ಲೆಲ್ಲಿ ನೇತುಹಾಕಿದ್ದರು? ಈ ಕೊನೆಯ ಪ್ರಶ್ನೆ ತಮಾಷೆಗಲ್ಲ. ಮೇಲಿನಿಂದ ಇಳಿಬಿಟ್ಟ ಎರಡು ಮೂರು ಮೈಕಿನ ಕೆಳಗೆ ಬಂದು ನಿಂತೇ ಮಾತಾಡಬೇಕಿದ್ದ ರಂಗದಲ್ಲಿ, ಯಾರು ಎಲ್ಲಿ ನಿಂತರು ಎಂಬುದನ್ನು ತೀರ್ಮಾನಿಸಿದ್ದು ನಿರ್ದೇಶಕರಿಗಿಂತ ಹೆಚ್ಚಾಗಿ ಮೈಕಿನವರೇ. ಸಿನಿಮಾ ಬಗ್ಗೆ ಮರೆಯದೆ ಕೇಳಬೇಕಾದದ್ದು: ದನಿ ನಿಮ್ಮದೇನಾ? ಡಬ್ಬಿಂಗ್ ಎಲ್ಲಿ ಮಾಡಿದಿರಿ? ಉಚ್ಚಾರದ ಕಾರಣಕ್ಕೆ ಬೇರೆಯವರ ಕಂಠ ಕೂರಿಸಿದ ಚಿತ್ರವಾದರೆ ಅದನ್ನೂ ಬರೆಯಿರಿ, ಅದರಿಂದ ಅವರ ಮರ್ಯಾದೆಗೆ ಏನೂ ಕುಂದಿಲ್ಲ.

ವರ್ಷ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಘಟನೆ ಹಿಡಿದು ಕೇಳಿ. ಕೇರಳಕ್ಕೆ ಸೇರುವ ಮೊದಲೋ ಆಮೇಲೋ? ಗಡಿವಿವಾದದ ಮಹಾಜನ ವರದಿಯ ಗದ್ದಲದ ಹೊತ್ತಿಗೋ, ಅಂದರೆ 1967ರ ಆಸುಪಾಸು? ತುರ್ತು ಪರಿಸ್ಥಿತಿಯಲ್ಲೋ? ಮಗಳು ಹುಟ್ಟಿದ ಮೇಲೋ? ಹಾಗೆ ಸಿಕ್ಕ ಉತ್ತರವನ್ನೂ ಹೊರಗಿನ ಕಾಲಗಳಿಗೆ ತಾಳೆ ನೋಡಿ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. 1970ರ ರೇಡಿಯೋ ನಾಟಕ ಎಂದರೆ ಅದು ಧಾರವಾಡ, ಬೆಂಗಳೂರು, ಕೋಝಿಕ್ಕೋಡ್‌ನಂಥ ಬೇರೆ ನಿಲಯದ್ದಾಗಿರಬೇಕು, ಇಲ್ಲವೇ ವರ್ಷ ತಪ್ಪು. ಮೊದಲ ತುಳು ಸಿನಿಮಾ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ, ಅದಕ್ಕಿಂತ ಹಿಂದಿನ ತುಳು ಚಿತ್ರದ ಪಾತ್ರ ಇರಲು ಸಾಧ್ಯವಿಲ್ಲ. ಏಷ್ಯಾನೆಟ್ 1993, ಉದಯ ಟಿವಿ 1994. ಅದಕ್ಕೆ ಮೊದಲಿನ ಧಾರಾವಾಹಿಯಾದರೆ ದೂರದರ್ಶನದಲ್ಲಿ ಹುಡುಕಿ.

ತಾಳೆಯಾಗದಿದ್ದರೆ ಅಲ್ಲೇ ತಿದ್ದಬೇಡಿ, ಮನೆಯವರು ತಿದ್ದಲು ಬಂದರೂ ಕೈಸನ್ನೆಯಲ್ಲಿ ತಡೆಯಿರಿ. ಮಾತಿನ ಓಟ ಒಮ್ಮೆ ಕಡಿದರೆ ಆ ದಿನಕ್ಕೆ ಮುಗಿಯಿತು. ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದಿನ ಬಾರಿ ಬೇರೆ ದಾರಿಯಿಂದ ಕೇಳಿ. ತಂಡದೊಳಗಿನ ಜಗಳ, ಕೈಗೆ ಬಾರದ ಸಂಭಾವನೆ ಇತ್ಯಾದಿ ಹೇಳಿದರೆ ರೆಕಾರ್ಡ್ ಆಗಲಿ. ಕೊನೆಗೆ ಯಾವ ಭಾಗ ಈಗ ಹೊರಗೆ ಹೋಗಬಾರದು ಎಂದು ಕೇಳಿ, ಬರೆದು ಸಹಿ ಹಾಕಿಸಿಕೊಳ್ಳಿ. ಮನೆಯ ಮಕ್ಕಳು ಮಲಯಾಳ ಶಾಲೆಯಲ್ಲಿ ಓದಿದವರಾದರೆ ಒಪ್ಪಿಗೆ ಪತ್ರ ಎರಡೂ ಭಾಷೆಯಲ್ಲಿರಲಿ.

ಸಿನಿಮಾ ಪಟ್ಟಿ

ಚಿತ್ರ ನೋಡುತ್ತ, ಅವರು ಕಾಣಿಸಿಕೊಂಡ ಗಂಟೆ-ನಿಮಿಷ-ಸೆಕೆಂಡು ಬರೆದು ಆ ಚೌಕಟ್ಟಿನ ಚಿತ್ರ ತೆಗೆದಿಡಿ. ಒಂದೇ ದೃಶ್ಯವಾದರೂ ಸರಿ. ಅಂತರ್ಜಾಲದ ತಾರಾಗಣದ ಪಟ್ಟಿಯಲ್ಲಿ ಹೆಸರಿಲ್ಲ ಎಂಬುದು ಅವರು ನಟಿಸಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ಹೆಸರಿದೆ ಎಂಬುದೂ ನಟಿಸಿದ್ದಕ್ಕೆ ಸಾಕ್ಷಿಯಲ್ಲ. ಸಂಕಲನದಲ್ಲಿ ಪಾತ್ರವೇ ಕತ್ತರಿಸಿಹೋದವರ ಹೆಸರು ಟೈಟಲಿನಲ್ಲಿ ಉಳಿಯುವುದುಂಟು. ಚಿತ್ರೀಕರಣದ ವರ್ಷ, ಸೆನ್ಸಾರ್ ಪತ್ರದ ವರ್ಷ, ಬಿಡುಗಡೆಯ ವರ್ಷ ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ. ರಾಷ್ಟ್ರಪ್ರಶಸ್ತಿಗೆ ಲೆಕ್ಕ ಸೆನ್ಸಾರ್ ಪತ್ರದ ವರ್ಷ, ಜನರ ನೆನಪಿಗೆ ಲೆಕ್ಕ ಬಿಡುಗಡೆಯ ವರ್ಷ. ಒಂದೇ ಚಿತ್ರ ಎರಡು ಬಾರಿ ಪಟ್ಟಿಗೆ ಬರುವುದು ಇಲ್ಲಿಂದಲೇ.

ಹೆಸರಿನ ಗೊಂದಲಕ್ಕೆ ತಯಾರಿರಿ. ಗಾಯಕ ಸಿ. ಅಶ್ವತ್ಥ್ 2009ರ ಡಿಸೆಂಬರ್ ಕೊನೆಗೆ, ನಟ ಕೆ.ಎಸ್. ಅಶ್ವತ್ಥ್ 2010ರ ಜನವರಿಯಲ್ಲಿ, ಮೂರೇ ವಾರದ ಅಂತರದಲ್ಲಿ ತೀರಿಕೊಂಡರು. ನಾಡಿಗೆಲ್ಲ ಗೊತ್ತಿದ್ದವರ ವಿಷಯದಲ್ಲೇ ಇನಿಶಿಯಲ್ ನೋಡದಿದ್ದರೆ ಎಡವಬೇಕು, ಇನ್ನು ಊರಿನ ಸುಬ್ರಾಯ, ನಾರಾಯಣರ ಪಾಡೇನು. ನಮ್ಮ ಕಡೆ ಊರಿನ ಹೆಸರೇ ಹೆಸರಾಗುವುದೂ ಇದೆ. ಶೇಣಿ ಎಂದರೆ ಯಕ್ಷಗಾನ ಅರ್ಥಧಾರಿ ಗೋಪಾಲಕೃಷ್ಣ ಭಟ್ಟರು. ಕಾಸರಗೋಡು ಚಿನ್ನಾ ಎಂದು ಎಲ್ಲರಿಗೂ ಪರಿಚಿತರಾದ ನಟ-ನಿರ್ದೇಶಕರ ಕಾಗದದ ಹೆಸರು ಶ್ರೀನಿವಾಸ ರಾವ್. ನಿಮ್ಮ ನಟರು ಎಷ್ಟು ಹೆಸರಿನಲ್ಲಿ ಅಚ್ಚಾಗಿದ್ದಾರೆ ಎಂಬ ಒಂದು ಪುಟ ಮೊದಲೇ ಮಾಡಿಕೊಳ್ಳಿ, ಮಲಯಾಳ ಲಿಪಿಯ ರೂಪಗಳೂ ಅದರಲ್ಲಿರಲಿ. ಪ್ರೇಕ್ಷಕರನ್ನು ಕೇಳುವಾಗ ಪಾತ್ರದ ಹೆಸರಿನಿಂದ ಕೇಳಿ. 1972ರ ‘ನಾಗರಹಾವು’ ನೋಡಿದವರಿಗೆ ವರ್ಷ ಮರೆತಿರಬಹುದು, ಚಾಮಯ್ಯ ಮೇಷ್ಟ್ರು ಮರೆಯುವುದಿಲ್ಲ.

ಕೋಷ್ಟಕ ಮತ್ತು ‘ಸಾವಿರ ಪ್ರದರ್ಶನ’

ಎರಡು ಹಾಳೆ ಬೇಕು. ಒಂದರಲ್ಲಿ ಕೃತಿ: ನಾಟಕ ಅಥವಾ ಚಿತ್ರ, ಭಾಷೆ, ಬರೆದವರು, ನಿರ್ದೇಶಕರು, ತಂಡ, ಪಾತ್ರ. ಇನ್ನೊಂದರಲ್ಲಿ ಪ್ರಯೋಗ: ತಾರೀಕು, ಊರು, ಜೊತೆಗಿದ್ದವರು, ಆಧಾರದ ಕ್ರಮಸಂಖ್ಯೆ. ಎರಡನ್ನೂ ಒಂದೇ ಹಾಳೆಗೆ ತುರುಕಿದರೆ ಐವತ್ತು ಬಾರಿ ಆಡಿದ ಒಂದು ನಾಟಕ ಐವತ್ತು ನಾಟಕವಾಗುತ್ತದೆ. ಪ್ರತಿ ಸಾಲಿನ ಕೊನೆಗೆ ‘ಖಚಿತ’, ‘ಲೆಕ್ಕದಿಂದ’, ‘ನೆನಪಿನಿಂದ’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಈ ಕಾಲಂ ಇಲ್ಲದ ಪಟ್ಟಿಯನ್ನು ನಂಬಬೇಕಾಗಿಲ್ಲ.

ಪ್ರದರ್ಶನದ ಸಂಖ್ಯೆ ದೊಡ್ಡದಾಗಿ ಹೇಳುವುದು ರಂಗದವರ ಅಭ್ಯಾಸ, ಅದರಲ್ಲಿ ಮೋಸವೇನೂ ಇಲ್ಲ. ಮಿತಿ ಎಷ್ಟು ಎಂದು ನೀವು ಲೆಕ್ಕ ಹಾಕಿ. ಯಕ್ಷಗಾನ ಮೇಳದ ತಿರುಗಾಟ ದೀಪಾವಳಿಯ ಆಚೀಚೆಯಿಂದ ಪತ್ತನಾಜೆಯವರೆಗೆ, ಅಂದರೆ ಮೇ 24ರ ಆಸುಪಾಸಿನವರೆಗೆ. ಒಂದು ರಾತ್ರಿಯೂ ಬಿಡದೆ ಆಡಿದರೂ 200ರ ಹತ್ತಿರ. ಹತ್ತು ವರ್ಷದ ತಿರುಗಾಟಕ್ಕೆ 2000 ಮೇಲಿನ ಮಿತಿ. ಯಾರಾದರೂ 5000 ಎಂದರೆ ಮಳೆಗಾಲದ ಆಟ, ತಾಳಮದ್ದಳೆ ಎಲ್ಲ ಸೇರಿಸಿದರೂ ಹೊಂದುವುದಿಲ್ಲ. ಹವ್ಯಾಸಿ ನಾಟಕದವರಾದರೆ ಅವರು ಮಾಡುತ್ತಿದ್ದ ಉದ್ಯೋಗವೇ ಮಿತಿ. ಶಾಲಾ ಮಾಸ್ತರರಿಗೆ ಸಿಗುತ್ತಿದ್ದದ್ದು ಶನಿವಾರ ರಾತ್ರಿ ಮತ್ತು ರಜೆ.

ನಟನೆಯನ್ನು ಬರೆಯುವುದು

‘ಮನಮುಟ್ಟುವ ಅಭಿನಯ’, ‘ಪಾತ್ರಕ್ಕೆ ಜೀವ ತುಂಬಿದರು’ ಎಂಬ ಮಾತನ್ನು ಯಾವ ನಟನಿಗೂ ಅಂಟಿಸಬಹುದು, ಅದಕ್ಕೇ ಅದು ಯಾರಿಗೂ ಸಲ್ಲುವುದಿಲ್ಲ. ಎರಡು ಮೂರು ದೃಶ್ಯ ಆರಿಸಿ, ಕಂಡದ್ದನ್ನು ಮಾತ್ರ ಬರೆಯಿರಿ. ಹೀಗೆ:

ಸಾಲ ಕೇಳಲು ಬಂದ ಶಾನುಭೋಗ ಜಗಲಿಯ ಕೆಳಗಿನ ಮೆಟ್ಟಿಲಲ್ಲೇ ನಿಲ್ಲುತ್ತಾನೆ. ಮಡಚಿದ ಕೊಡೆ ಎಡಗಂಕುಳಲ್ಲಿದೆ, ಮಾತು ಮುಗಿಯುವವರೆಗೂ ಅದನ್ನು ಕೆಳಗಿಡುವುದಿಲ್ಲ. ಮೊತ್ತ ಹೇಳುವಾಗ ಕಣ್ಣು ಮನೆಯೊಡೆಯನ ಮುಖ ಬಿಟ್ಟು ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ಮೇಲೆ ಹೋಗುತ್ತದೆ. ‘ಈಗ ಆಗುವುದಿಲ್ಲ’ ಎಂಬ ಉತ್ತರ ಬಂದ ಮೇಲೆ ಮೂರು ಸೆಕೆಂಡು ಸುಮ್ಮನಿದ್ದು, ಬಂದ ಕೆಲಸವೇ ಅದಲ್ಲ ಎಂಬಂತೆ, ಈ ವಾರ ಅಡಿಕೆಗೆ ಎಷ್ಟಾಯಿತು ಎಂದು ವಿಚಾರಿಸುತ್ತಾನೆ.

ಒಂದೇ ಪಾತ್ರವನ್ನು ರಂಗದಲ್ಲೂ ತೆರೆಯಲ್ಲೂ ಮಾಡಿದ್ದರೆ ಎರಡನ್ನೂ ಹೀಗೆ ಬರೆದು ಪಕ್ಕಪಕ್ಕ ಇಡಿ. ರಂಗದಲ್ಲಿ ಹಿಂದಿನ ಸಾಲಿಗೆ ಕಾಣಲೆಂದು ಇಡೀ ತೋಳು ಎತ್ತಿ ಮಾಡಿದ್ದನ್ನು ಕ್ಯಾಮೆರಾ ಎದುರು ಬೆರಳಲ್ಲಿ ಮಾಡಿದ್ದಾರೆಯೇ? ತಾಳಮದ್ದಳೆಯಲ್ಲಿ ಪಳಗಿದವರು ಮಾತು ಬೆಳೆಸುತ್ತಾರೆ, ಸೆಟ್ಟಿನಲ್ಲಿ ಹಾಗೆ ಬೆಳೆಸಿದರೆ ಎದುರಿನವರಿಗೆ ಕೊಂಡಿ ಸಿಗುವುದಿಲ್ಲ. ಆ ಅಭ್ಯಾಸವನ್ನು ಅವರು ಹೇಗೆ ಬಿಗಿಹಿಡಿದರು ಎಂದು ಕೇಳಿ. ಪೋಷಕ ನಟನ ಕಸುಬಿನ ಗುಟ್ಟು ಹೆಚ್ಚಾಗಿ ಈ ಉತ್ತರದಲ್ಲಿ ಸಿಗುತ್ತದೆ.

ಅರ್ಜಿಗೆ ಬೇಕಾದದ್ದು

ಪಿಂಚಣಿ, ಪ್ರಶಸ್ತಿ, ಕ್ಷೇಮನಿಧಿ ಯಾವುದಕ್ಕಾದರೂ ಮೊದಲು ತಡೆಯಾಗುವುದು ಹೆಸರು. ಆಧಾರಿನಲ್ಲಿ ಮಲಯಾಳ ಮತ್ತು ಇಂಗ್ಲಿಷ್, ಸನ್ಮಾನ ಪತ್ರದಲ್ಲಿ ಕನ್ನಡದ ರಂಗನಾಮ. ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಕೇರಳದಲ್ಲಿ ಗ್ರಾಮ ಕಚೇರಿಯಿಂದ ಪಡೆಯಬಹುದು, ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರಾಯಿತು. ಕನ್ನಡ ಕಾಗದಗಳಿಗೆ ಮಲಯಾಳ ಅಥವಾ ಇಂಗ್ಲಿಷ್ ಸಾರಾಂಶ, ಕರ್ನಾಟಕಕ್ಕೆ ಹೋಗುವ ಮಲಯಾಳ ಕಾಗದಗಳಿಗೆ ಕನ್ನಡ ಸಾರಾಂಶ ಜೊತೆಗಿಡಿ. ಮೂಲ ಪ್ರತಿಯನ್ನು ಯಾವ ಅರ್ಜಿಯೊಂದಿಗೂ ಕಳಿಸಬೇಡಿ. ಕ್ಷೇಮನಿಧಿಗಳಿಗೆ ಸೇರಲು ವಯಸ್ಸಿನ ಮಿತಿ ಇರುತ್ತದೆ, ಐವತ್ತರ ಹೊಸ್ತಿಲಲ್ಲಿರುವ ಕಿರಿಯ ಕಲಾವಿದರಿಗೂ ಈ ಮಾತು ತಿಳಿಸಿ.

ಓದಿ ಹೇಳುವುದು, ಒಪ್ಪಿಸುವುದು

ಕರಡನ್ನು 18 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಮುದ್ರಿಸಿ ನಟರಿಗೆ ಕೊಡಿ. ಕಣ್ಣು ಮಂಜಾದವರಿಗೆ ಓದಿ ಹೇಳಿ. ಅವರು ತಿದ್ದಿದ್ದನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಅವರ ತಿದ್ದುಪಡಿ ಕಾಗದದ ಸಾಕ್ಷಿಗೆ ವಿರುದ್ಧವಾದರೆ ಎರಡನ್ನೂ ಉಳಿಸಿ, ಯಾವುದು ಯಾವ ಆಧಾರದ್ದು ಎಂದು ಅಡಿಯಲ್ಲಿ ಬರೆಯಿರಿ. ಪಟ್ಟಿಯಲ್ಲಿ ತಮ್ಮ ಜೊತೆಯವರ ಹೆಸರು ಬಿಟ್ಟುಹೋದದ್ದನ್ನು ಹೆಚ್ಚಿನವರು ಮೊದಲು ಹಿಡಿಯುತ್ತಾರೆ, ಆ ಹೆಸರುಗಳನ್ನು ಅಂದೇ ಸೇರಿಸಿ.

ಫೈಲುಗಳ ಮೂರು ಪ್ರತಿ ಇರಲಿ: ಮನೆಯಲ್ಲೊಂದು, ನಿಮ್ಮಲ್ಲೊಂದು ಹಾರ್ಡ್‌ಡಿಸ್ಕ್, ಮೂರನೆಯದು ಅಂತರ್ಜಾಲದಲ್ಲಿ ಅಥವಾ ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ, ಪತ್ತನಾಜೆಯ ಹೊತ್ತಿಗೆ, ಹಾರ್ಡ್‌ಡಿಸ್ಕ್ ಹಚ್ಚಿ ನಾಲ್ಕೈದು ಫೈಲು ತೆರೆದು ನೋಡಿ. ಮೂಲ ಕಾಗದಗಳನ್ನು ಸಂಸ್ಥೆಗೆ ಒಪ್ಪಿಸುವ ಮನಸ್ಸು ಮನೆಯವರಿಗಿದ್ದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ, ಅಲ್ಲಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ, ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗ ಇಂಥ ಕಡೆ ಮೊದಲೇ ವಿಚಾರಿಸಿ. ಪತ್ರದಲ್ಲಿ ಮೂರು ವಿಷಯ ಸ್ಪಷ್ಟವಾಗಿರಬೇಕು: ಕೊಟ್ಟ ವಸ್ತುಗಳ ಕ್ರಮಸಂಖ್ಯೆಯ ಪಟ್ಟಿ, ಮನೆಯವರು ಯಾವಾಗ ಬೇಕಾದರೂ ನೋಡಬಹುದೇ ಎಂಬುದು, ಸಂಸ್ಥೆ ಮುಚ್ಚಿದರೆ ಅಥವಾ ಜಾಗ ಸಾಲದೆ ಹೋದರೆ ವಸ್ತುಗಳು ಯಾರಿಗೆ ಸೇರಬೇಕು ಎಂಬುದು. ಪಟ್ಟಿಯ ಪ್ರತಿ ಪುಟಕ್ಕೂ ಎರಡೂ ಕಡೆಯವರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಮನೆಯ ಜಾಗದ ಪತ್ರಗಳ ಜೊತೆಗೇ ಇಡಲು ಹೇಳಿ. ಬೇರೆಲ್ಲಿಟ್ಟರೂ ಕಳೆದುಹೋಗುತ್ತದೆ.